ಪ್ರೊಫೆಸರರ ಇನ್ನೊಂದು ಸಂಬಳ

'ಸ್ಥಿರತೆ' ಎಂಬ ಪದದ ಮುಂದೆ ಒಂದು 'ಅ' ಇಟ್ಟರೆ ಸಾಕು, ಅರ್ಥ ತಲೆಕೆಳಗಾಗುತ್ತದೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರ ಪ್ರಾಧ್ಯಾಪಕ ಫ್ರೆಡರಿಕ್ ಮಿಶ್ಕಿನ್ ಅವರ ಸ್ವವಿವರದ ಪಟ್ಟಿಯಲ್ಲಿ ಆದದ್ದು ಇದೇ. 2006ರಲ್ಲಿ ಅವರು ಐಸ್‌ಲ್ಯಾಂಡಿನ ಒಬ್ಬ ಅರ್ಥಶಾಸ್ತ್ರಜ್ಞರ ಜೊತೆಗೂಡಿ ಆ ದೇಶದ ಹಣಕಾಸು ವ್ಯವಸ್ಥೆಯ ಬಗ್ಗೆ ಒಂದು ವರದಿ ಬರೆದಿದ್ದರು. ವರದಿಯ ಹೆಸರು 'ಐಸ್‌ಲ್ಯಾಂಡಿನ ಹಣಕಾಸು ಸ್ಥಿರತೆ' ಎಂಬ ಅರ್ಥದ್ದು. ಎರಡು ವರ್ಷ ಕಳೆದು, 2008ರ ಅಕ್ಟೋಬರಿನಲ್ಲಿ, ಆ ದೇಶದ ಮೂರು ದೊಡ್ಡ ಬ್ಯಾಂಕುಗಳೂ ಒಂದೇ ವಾರದಲ್ಲಿ ಮುಳುಗಿದವು. ಆ ಬಳಿಕ ನೋಡಿದರೆ, ಪ್ರಾಧ್ಯಾಪಕರ ಸ್ವವಿವರದಲ್ಲಿ ಅದೇ ವರದಿಯ ಹೆಸರು 'ಅಸ್ಥಿರತೆ' ಎಂದಿತ್ತು.

ಹೀಗೇಕೆ ಎಂದು ಕ್ಯಾಮೆರಾದ ಹಿಂದಿನಿಂದ ಒಂದು ದನಿ ಕೇಳುತ್ತದೆ. ಮುದ್ರಣ ದೋಷ ಇರಬೇಕು ಎಂದು ಪ್ರಾಧ್ಯಾಪಕರು ಹೇಳುತ್ತಾರೆ. ಹತ್ತಾರು ವರ್ಷಗಳ ಹಿಂದೆ ಗೆಳೆಯರೊಬ್ಬರ ಮನೆಯಲ್ಲಿ ಈ ಚಿತ್ರ ನೋಡಿದಾಗ ನಾವೆಲ್ಲ ಈ ಮಾತಿಗೆ ಗೊಳ್ಳೆಂದು ನಕ್ಕಿದ್ದೆವು. ಈಚೆಗೆ ಮತ್ತೆ ಒಬ್ಬನೇ ಕುಳಿತು ನೋಡಿದೆ. ನಗು ಬರಲಿಲ್ಲ. ಮತ್ತೆ ನೋಡಲು ಕಾರಣವೂ ಸಣ್ಣದೇ. ಎಂ.ಎ. ಅರ್ಥಶಾಸ್ತ್ರ ಓದುತ್ತಿರುವ ನನ್ನ ತಂಗಿಯ ಮಗಳ ಮೇಜಿನ ಮೇಲೆ, ಹಣ ಮತ್ತು ಬ್ಯಾಂಕಿಂಗ್ ಬಗೆಗಿನ ಒಂದು ದಪ್ಪ ಪಠ್ಯಪುಸ್ತಕದ ಬೆನ್ನಿನಲ್ಲಿ ಈ ಹೆಸರನ್ನು ಕಂಡೆ: ಮಿಶ್ಕಿನ್.

ಚಿತ್ರದ ಹೆಸರು 'ಇನ್‌ಸೈಡ್ ಜಾಬ್'. ಮನೆಯೊಳಗಿನವರೇ ಮಾಡಿದ ಕಳವು ಎಂದು ಅರ್ಥ. ಚಾರ್ಲ್ಸ್ ಫರ್ಗುಸನ್ ನಿರ್ದೇಶಿಸಿ 2010ರಲ್ಲಿ ಬಿಡುಗಡೆಯಾದ ಈ ಸಾಕ್ಷ್ಯಚಿತ್ರ 2011ರಲ್ಲಿ ಆಸ್ಕರ್ ಪಡೆಯಿತು. ಪ್ರಶಸ್ತಿ ಪಡೆಯಲು ವೇದಿಕೆ ಹತ್ತಿದ ಫರ್ಗುಸನ್, ಇಷ್ಟು ದೊಡ್ಡ ಹಣಕಾಸು ವಂಚನೆಯಾಗಿ ಮೂರು ವರ್ಷ ಕಳೆದರೂ ಹಣಕಾಸು ಸಂಸ್ಥೆಗಳ ಒಬ್ಬನೇ ಒಬ್ಬ ಮುಖ್ಯಸ್ಥ ಜೈಲಿಗೆ ಹೋಗಿಲ್ಲ ಎಂದು ನೆನಪಿಸಿದರು. ಫರ್ಗುಸನ್ ಮೂಲತಃ ಸಿನಿಮಾದವರಲ್ಲ. ರಾಜ್ಯಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ಆಮೇಲೆ ಒಂದು ಸಾಫ್ಟ್‌ವೇರ್ ಕಂಪೆನಿ ಕಟ್ಟಿ, 1996ರಲ್ಲಿ ಅದನ್ನು ಮೈಕ್ರೋಸಾಫ್ಟಿಗೆ ಮಾರಿ ಶ್ರೀಮಂತರಾದವರು. ವಿಶ್ವವಿದ್ಯಾನಿಲಯದ ಜಗತ್ತೂ ವ್ಯವಹಾರದ ಜಗತ್ತೂ ಅವರಿಗೆ ಒಳಗಿನಿಂದ ಗೊತ್ತು. ಪ್ರಾಧ್ಯಾಪಕರ ಎದುರು ಅವರು ಅಂಜಿಕೆಯಿಲ್ಲದೆ ಕುಳಿತುಕೊಳ್ಳುವುದಕ್ಕೆ ಇದೂ ಕಾರಣವಿರಬಹುದು. ಪರದೆಯ ಮೇಲೆ ಅವರ ಮುಖ ಕಾಣುವುದಿಲ್ಲ, ಪ್ರಶ್ನೆಗಳಷ್ಟೇ ಕೇಳಿಸುತ್ತವೆ.

2008ರ ಜಾಗತಿಕ ಆರ್ಥಿಕ ಕುಸಿತದ ಬಗ್ಗೆ ಚಿತ್ರಗಳೂ ಪುಸ್ತಕಗಳೂ ಬೇಕಾದಷ್ಟು ಬಂದಿವೆ. ಬ್ಯಾಂಕುಗಳು ಏನು ಮಾಡಿದವು, ಮನೆಸಾಲಗಳನ್ನು ಹೇಗೆ ಕಟ್ಟುಕಟ್ಟಾಗಿ ಮಾರಿದವು, ರೇಟಿಂಗ್ ಸಂಸ್ಥೆಗಳು ಕಸಕ್ಕೂ ಹೇಗೆ ಮೊದಲ ದರ್ಜೆ ಕೊಟ್ಟವು ಎಂಬುದನ್ನು ಈ ಚಿತ್ರ ಬಹಳ ಚೊಕ್ಕವಾಗಿ ಹೇಳುತ್ತದೆ. ಆ ಭಾಗಗಳನ್ನು ಇಲ್ಲಿ ಬಿಡುತ್ತೇನೆ. ಇಷ್ಟು ವರ್ಷಗಳ ಮೇಲೂ ಹಳತಾಗದೆ ಉಳಿದಿರುವುದು ಚಿತ್ರದ ಕೊನೆಯ ಪಾಲಿನಲ್ಲಿ ಬರುವ ಪ್ರಾಧ್ಯಾಪಕರ ಸಂದರ್ಶನಗಳು. ಬ್ಯಾಂಕಿನವನು ಲಾಭಕ್ಕಾಗಿ ಸುಳ್ಳು ಹೇಳಿದರೆ ನಮಗೆ ಸಿಟ್ಟು ಬರುತ್ತದೆ, ಆಶ್ಚರ್ಯವಾಗುವುದಿಲ್ಲ. ಪಾಠ ಮಾಡುವವರು, ಯಾರ ಋಣದಲ್ಲೂ ಇಲ್ಲದೆ ಮಾತಾಡಲೆಂದೇ ಸಮಾಜ ಯಾರಿಗೆ ಕಾಯಂ ಕುರ್ಚಿ ಕೊಟ್ಟಿದೆಯೋ ಅವರು, ಅದೇ ಬ್ಯಾಂಕಿನಿಂದ ಇನ್ನೊಂದು ಸಂಬಳ ಪಡೆಯುತ್ತಿದ್ದರೆ?

ಐಸ್‌ಲ್ಯಾಂಡಿನ ವಿಷಯಕ್ಕೆ ಬರೋಣ. ಮೂರು ಲಕ್ಷ ಚಿಲ್ಲರೆ ಜನಸಂಖ್ಯೆಯ, ಮೀನುಗಾರಿಕೆಯ ಮೇಲೆ ಬದುಕಿದ್ದ ಪುಟ್ಟ ದೇಶ. ಸರಕಾರಿ ಬ್ಯಾಂಕುಗಳನ್ನು ಖಾಸಗಿಯವರಿಗೆ ಕೊಟ್ಟ ಕೆಲವೇ ವರ್ಷಗಳಲ್ಲಿ ಆ ಬ್ಯಾಂಕುಗಳು ದೇಶದ ಇಡೀ ಉತ್ಪನ್ನದ ಹಲವು ಪಟ್ಟು ಸಾಲ ಎತ್ತಿದವು. 2006ರ ಮಾರ್ಚಿನಲ್ಲಿ ಡೆನ್ಮಾರ್ಕಿನ ಡಾನ್ಸ್ಕೆ ಬ್ಯಾಂಕ್ ಇದು ಅಪಾಯದ ದಾರಿ ಎಂದು ಬಹಿರಂಗವಾಗಿ ಎಚ್ಚರಿಸಿತು. ಆ ದೇಶದ ಹಣದ ಬೆಲೆ ಕುಸಿಯತೊಡಗಿತು. ಮಿಶ್ಕಿನ್ ಅವರ ವರದಿ ಬಂದದ್ದು ಈ ಗಾಬರಿಯ ನಡುವೆ. ಬರೆಸಿದ್ದು, ಪ್ರಕಟಿಸಿದ್ದು ಐಸ್‌ಲ್ಯಾಂಡಿನ ವಾಣಿಜ್ಯ ಮಂಡಳಿ. ವ್ಯವಸ್ಥೆಯ ಬುಡ ಗಟ್ಟಿಯಾಗಿದೆ ಎಂಬುದೇ ಅದರ ಒಟ್ಟು ಧೋರಣೆ. ಸಂಭಾವನೆ 1 ಲಕ್ಷ 24 ಸಾವಿರ ಡಾಲರ್. ಅದೇ ವರ್ಷ ಅಕ್ಟೋಬರಿನಲ್ಲಿ ಅಲ್ಲಿನ ಲ್ಯಾಂಡ್ಸ್‌ಬಂಕಿ ಎಂಬ ಬ್ಯಾಂಕು ಬ್ರಿಟನ್ನಿನಲ್ಲಿ 'ಐಸ್‌ಸೇವ್' ಎಂಬ ಉಳಿತಾಯ ಖಾತೆ ಆರಂಭಿಸಿ ಹೆಚ್ಚು ಬಡ್ಡಿಯ ಆಸೆ ತೋರಿಸಿ ಠೇವಣಿ ಸಂಗ್ರಹಿಸತೊಡಗಿತು. ಎರಡು ವರ್ಷದಲ್ಲಿ ಖಾತೆಗಳು ಸ್ತಬ್ಧವಾದಾಗ ಬ್ರಿಟನ್ ಒಂದರಲ್ಲೇ ಮೂರು ಲಕ್ಷಕ್ಕೂ ಹೆಚ್ಚು ಜನರ ಉಳಿತಾಯ ಅದರಲ್ಲಿ ಸಿಕ್ಕಿಕೊಂಡಿತ್ತು.

ಮಿಶ್ಕಿನ್ ಬರೆಯದಿದ್ದರೆ ಐಸ್‌ಲ್ಯಾಂಡ್ ಉಳಿಯುತ್ತಿತ್ತು ಎಂದು ನಾನು ಹೇಳುತ್ತಿಲ್ಲ. ಚಿತ್ರವೂ ಹಾಗೆ ಹೇಳುವುದಿಲ್ಲ. ಆದರೆ ವಾಣಿಜ್ಯ ಮಂಡಳಿಗೆ ಬೇಕಾಗಿದ್ದದ್ದು ಅಂಕಿಅಂಶವೇ ಆಗಿದ್ದರೆ ತನ್ನ ಕಚೇರಿಯ ಗುಮಾಸ್ತರಿಂದಲೇ ಬರೆಸಬಹುದಿತ್ತು. ಅದಕ್ಕೆ ಬೇಕಾಗಿದ್ದದ್ದು ಆ ಅಂಕಿಅಂಶದ ಕೆಳಗೆ ಕೊಲಂಬಿಯಾ ಪ್ರಾಧ್ಯಾಪಕರ ಸಹಿ. ವರದಿಗಾಗಿ ಅವರು ವ್ಯಯಿಸಿದ ದಿನಗಳಿಗೆ ಮಾತ್ರ ಇಷ್ಟು ದುಡ್ಡು ಯಾರೂ ಕೊಡುವುದಿಲ್ಲ. ಹೆಸರಿನ ತೂಕಕ್ಕೆ ಕೊಡುತ್ತಾರೆ. ಆ ತೂಕವನ್ನು ಪ್ರಾಧ್ಯಾಪಕರು ಒಬ್ಬರೇ ಗಳಿಸಿದ್ದೂ ಅಲ್ಲ. ವಿಶ್ವವಿದ್ಯಾನಿಲಯ ಎಂಬ ಸಂಸ್ಥೆ ಇನ್ನೂರು ಚಿಲ್ಲರೆ ವರ್ಷ ಕೂಡಿಟ್ಟ ನಂಬಿಕೆಯ ಗಂಟು ಅದು.

ಈ ಒಂದು ಅಂಶವನ್ನು ಹಿಡಿದುಕೊಂಡು ಚಿತ್ರ ನೋಡಿದರೆ ಉಳಿದ ಸಂದರ್ಶನಗಳೂ ಬೇರೆಯಾಗಿ ಕಾಣಿಸುತ್ತವೆ. ಗ್ಲೆನ್ ಹಬರ್ಡ್ ಆಗ ಕೊಲಂಬಿಯಾದ ವ್ಯವಹಾರ ಶಾಲೆಯ ಡೀನ್. ಅದಕ್ಕೂ ಮೊದಲು ಅಧ್ಯಕ್ಷ ಜಾರ್ಜ್ ಬುಷ್ ಅವರ ಆರ್ಥಿಕ ಸಲಹಾ ಮಂಡಳಿಯ ಮುಖ್ಯಸ್ಥರಾಗಿದ್ದವರು. 2004ರಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್‌ನ ಅಂದಿನ ಮುಖ್ಯ ಅರ್ಥಶಾಸ್ತ್ರಜ್ಞ ವಿಲಿಯಂ ಡಡ್ಲಿ ಜೊತೆಗೂಡಿ ಬರೆದ ಪ್ರಬಂಧದಲ್ಲಿ, ಮುಂದೆ ಅನಾಹುತಕ್ಕೆ ಕಾರಣವಾದ ಹೊಸ ಹಣಕಾಸು ಸಾಧನಗಳನ್ನು ಅವರು ಕೊಂಡಾಡಿದ್ದರು. ಮೆಟ್‌ಲೈಫ್ ವಿಮಾ ಕಂಪೆನಿಯ ನಿರ್ದೇಶಕ ಮಂಡಳಿಯಲ್ಲಿ ಅವರಿಗೆ ಸ್ಥಾನವಿತ್ತು. ಬೇರ್ ಸ್ಟರ್ನ್ಸ್ ಎಂಬ ಹೂಡಿಕೆ ಬ್ಯಾಂಕಿನ ಎರಡು ನಿಧಿಗಳು ಮುಳುಗಿ ಅವುಗಳ ಇಬ್ಬರು ನಿರ್ವಾಹಕರ ಮೇಲೆ ವಂಚನೆಯ ಮೊಕದ್ದಮೆ ನಡೆದಾಗ, ಆರೋಪಿಗಳ ಪರ ತಜ್ಞ ಸಾಕ್ಷಿಯಾಗಿ ನಿಲ್ಲಲು ಅವರಿಗೆ ಸಂದಾಯವಾದದ್ದು ಒಂದು ಲಕ್ಷ ಡಾಲರ್ ಎಂದು ಚಿತ್ರ ಹೇಳುತ್ತದೆ. 2009ರಲ್ಲಿ ಆ ಇಬ್ಬರೂ ಖುಲಾಸೆಯಾದರು. ಫರ್ಗುಸನ್ ಸಲಹಾ ಶುಲ್ಕದ ವಿವರ ಕೇಳುತ್ತಾ ಹೋದಂತೆ ಹಬರ್ಡ್ ಅವರ ಮುಖ ಬಿಗಿಯಾಗುತ್ತದೆ. ನಿಮ್ಮನ್ನು ಮಾತಿಗೆ ಒಪ್ಪಿದ್ದೇ ತಪ್ಪಾಯಿತು, ಇನ್ನು ಮೂರು ನಿಮಿಷವಿದೆ, ಆದದ್ದು ಮಾಡಿಕೊಳ್ಳಿ ಎಂಬರ್ಥದ ಮಾತು ಹೊರಬರುತ್ತದೆ. ಆ ದೃಶ್ಯ ಇಂಟರ್‌ನೆಟ್ಟಿನಲ್ಲಿ ಲಕ್ಷಾಂತರ ಜನರ ಮೋಜಿನ ವಸ್ತುವಾಯಿತು. ಹಬರ್ಡ್ ಅವರ ಡೀನ್ ಕುರ್ಚಿಗೆ ಏನೂ ಆಗಲಿಲ್ಲ. 2019ರವರೆಗೆ ಅವರು ಅದರಲ್ಲೇ ಇದ್ದರು.

ಹಾರ್ವರ್ಡಿನ ಮಾರ್ಟಿನ್ ಫೆಲ್ಡ್‌ಸ್ಟೈನ್ ಸಿಟ್ಟಾಗುವುದಿಲ್ಲ. ರೇಗನ್ ಕಾಲದ ಆರ್ಥಿಕ ಸಲಹೆಗಾರರಾಗಿದ್ದ, ವಿದ್ವತ್ತಿನಲ್ಲಿ ಯಾರೂ ಸಂಶಯಪಡದ ಹಿರಿಯರು ಅವರು. ಎಐಜಿ ವಿಮಾ ಕಂಪೆನಿಯ ನಿರ್ದೇಶಕ ಮಂಡಳಿಯಲ್ಲಿ ಎರಡು ದಶಕ ಇದ್ದರು. 2008ರ ಸೆಪ್ಟೆಂಬರಿನಲ್ಲಿ ಆ ಕಂಪೆನಿಯನ್ನು ಎತ್ತಿ ನಿಲ್ಲಿಸಲು ಅಮೆರಿಕದ ರಿಸರ್ವ್ ಬ್ಯಾಂಕು ಮೊದಲ ಕಂತಾಗಿ 8,500 ಕೋಟಿ ಡಾಲರ್ ಸಾಲ ಕೊಡಬೇಕಾಯಿತು. ಆಮೇಲೆ ಅದು ಇಮ್ಮಡಿ ದಾಟಿತು. ಆ ಮಂಡಳಿಯಲ್ಲಿದ್ದುದಕ್ಕೆ ಪಶ್ಚಾತ್ತಾಪವಿದೆಯೇ ಎಂಬ ಪ್ರಶ್ನೆಗೆ ಅವರು ಮುಗುಳ್ನಗುತ್ತಾ ಇಲ್ಲ ಎನ್ನುತ್ತಾರೆ. ನನಗೆ ಹಬರ್ಡರ ಸಿಟ್ಟಿಗಿಂತ ಈ ಮುಗುಳ್ನಗು ಹೆಚ್ಚು ಕಾಡಿತು. ಸಿಟ್ಟಿನಲ್ಲಿ ಕನಿಷ್ಠ ಒಂದು ಮುಜುಗರವಾದರೂ ಇರುತ್ತದೆ.

ಇನ್ನು ಜಾನ್ ಕ್ಯಾಂಪ್‌ಬೆಲ್. ಆಗ ಹಾರ್ವರ್ಡಿನ ಅರ್ಥಶಾಸ್ತ್ರ ವಿಭಾಗದ ಮುಖ್ಯಸ್ಥರು. ಫರ್ಗುಸನ್ ಅವರಿಗೊಂದು ಉದಾಹರಣೆ ಕೊಡುತ್ತಾರೆ. ಒಬ್ಬ ವೈದ್ಯ ಸಂಶೋಧಕ ಈ ರೋಗಕ್ಕೆ ಇದೇ ಔಷಧಿ ಕೊಡಿ ಎಂದು ಲೇಖನ ಬರೆಯುತ್ತಾನೆ. ಆಮೇಲೆ ನೋಡಿದರೆ ಅವನ ವರಮಾನದ ಬಹುಪಾಲು ಆ ಔಷಧಿ ತಯಾರಿಸುವ ಕಂಪೆನಿಯಿಂದಲೇ ಬರುತ್ತಿದೆ. ಇದು ನಿಮಗೆ ತೊಂದರೆ ಎನಿಸುವುದಿಲ್ಲವೇ? ಕ್ಯಾಂಪ್‌ಬೆಲ್ ಬಾಯಿ ತೆರೆಯುತ್ತಾರೆ, ಮಾತು ಅರ್ಧಕ್ಕೆ ನಿಲ್ಲುತ್ತದೆ, ಮತ್ತೆ ಆರಂಭಿಸುತ್ತಾರೆ, ಮತ್ತೆ ನಿಲ್ಲುತ್ತದೆ. ವೈದ್ಯನಿಗೆ ಒಪ್ಪುವ ನಿಯಮ ತನಗೇಕೆ ಒಪ್ಪುವುದಿಲ್ಲ ಎಂದು ಹೇಳಲು ಅವರಿಗೆ ವಾಕ್ಯ ಸಿಗುವುದಿಲ್ಲ.

ಈ ಮೌನ ಚಿತ್ರದ ಅತ್ಯುತ್ತಮ ಕ್ಷಣ ಎಂದು ಆಗ ಎಲ್ಲರೂ ಬರೆದರು. ಹೌದು, ಆದರೆ ಇಲ್ಲಿಯೇ ನನಗೆ ಚಿತ್ರದ ಬಗ್ಗೆ ತಕರಾರೂ ಇದೆ. ವೈದ್ಯರ ಉದಾಹರಣೆ ಕೊಟ್ಟು ಅಲ್ಲಿಗೇ ಬಿಡುವ ಫರ್ಗುಸನ್, ವೈದ್ಯಕೀಯದಲ್ಲಿ ಈ ಪ್ರಶ್ನೆ ಬಗೆಹರಿದಿದೆ ಎಂಬ ಭಾವನೆ ಹುಟ್ಟಿಸುತ್ತಾರೆ. ಬಗೆಹರಿದಿಲ್ಲ. ಅಲ್ಲಿ ಆದದ್ದನ್ನು ಸ್ವಲ್ಪ ವಿವರವಾಗಿ ನೋಡಬೇಕು.

1999ರ ಸೆಪ್ಟೆಂಬರಿನಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿ ನಡೆದ ಒಂದು ವಂಶವಾಹಿ ಚಿಕಿತ್ಸೆಯ ಪ್ರಯೋಗದಲ್ಲಿ ಜೆಸ್ಸಿ ಗೆಲ್ಸಿಂಗರ್ ಎಂಬ 18 ವರ್ಷದ ಹುಡುಗ ತೀರಿಕೊಂಡ. ಅವನಿಗೆ ಹುಟ್ಟಿನಿಂದ ಯಕೃತ್ತಿನ ಒಂದು ಅಪರೂಪದ ಕಾಯಿಲೆ ಇತ್ತು. ಆದರೆ ಪಥ್ಯ ಮತ್ತು ಮಾತ್ರೆಗಳಿಂದ ಹತೋಟಿಯಲ್ಲಿತ್ತು, ಸಾಯುವ ಸ್ಥಿತಿಯಲ್ಲಿರಲಿಲ್ಲ. ಅದೇ ಕಾಯಿಲೆಯಿಂದ ಹುಟ್ಟುತ್ತಲೇ ಸಾಯುವ ಶಿಶುಗಳಿಗೆ ನೆರವಾಗಲಿ ಎಂದು ತಾನಾಗಿ ಮುಂದೆ ಬಂದವನು ಅವನು. ಚುಚ್ಚುಮದ್ದು ಕೊಟ್ಟ ನಾಲ್ಕೇ ದಿನಕ್ಕೆ ಅವನ ಅಂಗಾಂಗಗಳು ಒಂದೊಂದಾಗಿ ಸೋತವು. ಸಂಶೋಧನಾ ಸಂಸ್ಥೆಯ ಮುಖ್ಯಸ್ಥ ಜೇಮ್ಸ್ ವಿಲ್ಸನ್ ಅವರೇ ಜಿನೋವೊ ಎಂಬ ಕಂಪೆನಿಯ ಸ್ಥಾಪಕರು, ಪ್ರಯೋಗ ಗೆದ್ದರೆ ಆ ಕಂಪೆನಿಗೆ ಲಾಭ. ವಿಶ್ವವಿದ್ಯಾನಿಲಯಕ್ಕೂ ಅದರಲ್ಲಿ ಪಾಲಿತ್ತು.

ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಜೆಸ್ಸಿ ಸಹಿ ಮಾಡಿದ ಒಪ್ಪಿಗೆ ಪತ್ರದಲ್ಲಿ ಈ ಹಣದ ಸಂಬಂಧದ ಉಲ್ಲೇಖ ಇತ್ತು! ಗುಟ್ಟು ಮಾಡಿರಲಿಲ್ಲ, ಬರೆದೇ ಇಟ್ಟಿದ್ದರು. ಹನ್ನೊಂದು ಪುಟಗಳೋ ಹದಿನೈದು ಪುಟಗಳೋ ಇರುವ ಕಾಗದದಲ್ಲಿ ಅಂಥದ್ದೊಂದು ವಾಕ್ಯವನ್ನು ಓದಿದ 18 ವರ್ಷದ ಹುಡುಗ ಅದರಿಂದ ಏನು ತಿಳಿದುಕೊಳ್ಳಬೇಕಿತ್ತು? ಚಿಕಿತ್ಸೆಯ ಅಪಾಯವನ್ನು ಅಳೆಯುವವರು ಅದೇ ಅಪಾಯದಿಂದ ಗಳಿಸುವವರು ಎಂದು ಅವನು ಲೆಕ್ಕ ಹಾಕಬೇಕಿತ್ತೇ? ಲೆಕ್ಕ ಹಾಕಿದರೂ ಅವನ ಬಳಿ ಇನ್ನೊಬ್ಬ ತಜ್ಞನಿದ್ದನೇ?

ಮಿಶ್ಕಿನ್ ಅವರಿಗೆ ಎಷ್ಟು ಸಂಭಾವನೆ ಬಂತೆಂದು ಕೇಳಿದಾಗ ಅವರೂ ಅದು ಸಾರ್ವಜನಿಕ ಮಾಹಿತಿ ಎಂದೇ ಹೇಳುತ್ತಾರೆ. ಪ್ರೇಕ್ಷಕರಿಗೆ ಇದು ಜಾರಿಕೊಳ್ಳುವ ಉತ್ತರದಂತೆ ಕೇಳಿಸುತ್ತದೆ. ನನಗೆ ಇಡೀ ಚಿತ್ರದ ಅತ್ಯಂತ ಪ್ರಾಮಾಣಿಕ ಉತ್ತರದಂತೆ ಕೇಳಿಸಿತು. ಮಾಹಿತಿ ಸಾರ್ವಜನಿಕವಾಗಿದ್ದರೂ ಅದರಿಂದ ಐಸ್‌ಲ್ಯಾಂಡಿನ ಬ್ಯಾಂಕಿನಲ್ಲಿ ದುಡ್ಡಿಟ್ಟ ಒಬ್ಬ ನಿವೃತ್ತ ಶಿಕ್ಷಕನಿಗಾಗಲಿ ಮೀನುಗಾರನಿಗಾಗಲಿ ಏನು ಉಪಯೋಗವಾಯಿತು?

ಚಿತ್ರದ ಪ್ರಭಾವದಿಂದ ಆದ ಸುಧಾರಣೆಗಳೆಲ್ಲ ಈ 'ತಿಳಿಸಿಬಿಡಿ' ಎಂಬ ಮಂತ್ರದ ಸುತ್ತಲೇ ಸುತ್ತಿದವು. 2011ರ ಜನವರಿಯಲ್ಲಿ ಸುಮಾರು 300 ಅರ್ಥಶಾಸ್ತ್ರಜ್ಞರು ತಮ್ಮ ವೃತ್ತಿಸಂಘವಾದ ಅಮೆರಿಕನ್ ಎಕನಾಮಿಕ್ ಅಸೋಸಿಯೇಷನ್ನಿಗೆ ಪತ್ರ ಬರೆದು ನೀತಿಸಂಹಿತೆ ಬೇಕೆಂದು ಕೇಳಿದರು. ವೈದ್ಯರಿಗೆ, ವಕೀಲರಿಗೆ, ಸಮಾಜಶಾಸ್ತ್ರಜ್ಞರಿಗೂ ಇದ್ದ ಅಂಥ ಸಂಹಿತೆ ಅಷ್ಟು ವರ್ಷಗಳಿಂದ ಅರ್ಥಶಾಸ್ತ್ರಜ್ಞರಿಗೆ ಮಾತ್ರ ಇರಲಿಲ್ಲ. ಕೊಲಂಬಿಯಾ ವ್ಯವಹಾರ ಶಾಲೆ ಅದೇ ವರ್ಷ ತನ್ನ ಅಧ್ಯಾಪಕರು ಹೊರಗಿನ ಕೆಲಸಗಳನ್ನು ಬಹಿರಂಗಪಡಿಸಬೇಕೆಂಬ ನಿಯಮ ಬಿಗಿ ಮಾಡಿತು. 2012ರ ಆರಂಭದಲ್ಲಿ ಸಂಘವೂ ಒಪ್ಪಿ, ಹಿಂದಿನ ಮೂರು ವರ್ಷಗಳಲ್ಲಿ ವಿಷಯಕ್ಕೆ ಸಂಬಂಧಪಟ್ಟ ಯಾರಿಂದಲಾದರೂ 10 ಸಾವಿರ ಡಾಲರ್ ಅಥವಾ ಹೆಚ್ಚು ಪಡೆದಿದ್ದರೆ ತನ್ನ ಪತ್ರಿಕೆಗಳ ಲೇಖನದಲ್ಲಿ ಹೇಳಬೇಕೆಂದು ನಿಯಮ ಮಾಡಿತು. ಒಳ್ಳೆಯದೇ. ಆದರೆ ಐಸ್‌ಲ್ಯಾಂಡ್ ವರದಿ ವಿದ್ವತ್ ಪತ್ರಿಕೆಯ ಲೇಖನವಾಗಿರಲಿಲ್ಲ. ನ್ಯಾಯಾಲಯದ ಸಾಕ್ಷಿ ಲೇಖನವಲ್ಲ. ನಿರ್ದೇಶಕ ಮಂಡಳಿಯ ಕುರ್ಚಿಯೂ ಲೇಖನವಲ್ಲ. ನಾಯಿ ಹಿತ್ತಿಲಿನಿಂದ ಬರುತ್ತಿದ್ದರೆ ಮುಂಬಾಗಿಲಿಗೆ ಚಿಲಕ ಹಾಕಿದಂತಾಯಿತು.

ಹೀಗೆ ಹೇಳಿಬಿಡುವುದರಿಂದ ಕೆಲವೊಮ್ಮೆ ಕೇಡೇ ಹೆಚ್ಚುತ್ತದೆ ಎಂದು ತೋರಿಸಿದ ಪ್ರಯೋಗವೊಂದಿದೆ. ಕೇನ್, ಲೊವೆನ್‌ಸ್ಟೈನ್ ಮತ್ತು ಮೂರ್ ಎಂಬ ಮೂವರು ಸಂಶೋಧಕರು 2005ರಲ್ಲಿ ಪ್ರಕಟಿಸಿದ್ದು. ಒಂದು ಜಾಡಿಯ ತುಂಬ ಚಿಲ್ಲರೆ ನಾಣ್ಯ. ದೂರದಿಂದ ನೋಡಿ ಅದರ ಮೊತ್ತ ಊಹಿಸುವವರು ಕೆಲವರು. ಹತ್ತಿರದಿಂದ ನೋಡಿ ಅವರಿಗೆ ಸಲಹೆ ಕೊಡುವವರು ಕೆಲವರು. ಊಹೆ ದೊಡ್ಡದಾದಷ್ಟೂ ಸಲಹೆಗಾರನಿಗೆ ಹೆಚ್ಚು ದುಡ್ಡು ಎಂದು ನಿಯಮ. ಈ ಲಾಭದ ಸಂಗತಿಯನ್ನು ಮೊದಲೇ ತಿಳಿಸಿದಾಗ ಏನಾಯಿತು? ಸಲಹೆಗಾರರು ಮೊತ್ತವನ್ನು ಇನ್ನಷ್ಟು ಉಬ್ಬಿಸಿ ಹೇಳಿದರು. ಹೇಳಬೇಕಾದ್ದನ್ನು ಹೇಳಿಯಾಗಿದೆ, ಇನ್ನು ಕೇಳುವವನ ಪಾಡು ಎಂಬ ನಿರಾಳ ಭಾವ. ಕೇಳುವವರು ಸಲಹೆಯಿಂದ ಸ್ವಲ್ಪ ಕಳೆದುಕೊಂಡರು, ಸಾಕಷ್ಟು ಕಳೆದುಕೊಳ್ಳಲಿಲ್ಲ. ಕೊನೆಗೆ ನಷ್ಟವಾದದ್ದು ಅವರಿಗೇ. ಫರ್ಗುಸನ್ ಈ ಜಾಡಿಯನ್ನು ಪರದೆಯ ಮೇಲೆ ಎರಡು ನಿಮಿಷ ತೋರಿಸಿದ್ದರೆ ಹಬರ್ಡರ ಸಿಟ್ಟಿಗಿಂತ ಹೆಚ್ಚು ಕೆಲಸವಾಗುತ್ತಿತ್ತು.

ಅಮೆರಿಕದ ಸರಕಾರಿ ಅನುದಾನ ಪಡೆಯುವ ವೈದ್ಯಕೀಯ ಸಂಶೋಧಕರ ನಿಯಮಗಳನ್ನು 2011ರಲ್ಲಿ ತಿದ್ದಿದಾಗ ಒಂದು ಹೆಜ್ಜೆ ಮುಂದೆ ಹೋದರು. ತಿಳಿಸಬೇಕಾದ ಮೊತ್ತವನ್ನು 10 ಸಾವಿರದಿಂದ 5 ಸಾವಿರ ಡಾಲರಿಗೆ ಇಳಿಸಿದ್ದು ಹಾಗಿರಲಿ. ತಿಳಿಸಿದ ಮೇಲೆ ಸುಮ್ಮನಿರುವಂತಿಲ್ಲ, ಆ ಸಂಘರ್ಷವನ್ನು ನಿಭಾಯಿಸುವ ಅಥವಾ ಇಲ್ಲವಾಗಿಸುವ ಹೊಣೆ ಸಂಸ್ಥೆಯದು ಎಂಬುದು ಅಲ್ಲಿನ ಮುಖ್ಯ ಮಾತು. ಬೇಕಾದರೆ ಆ ಪ್ರಾಧ್ಯಾಪಕರನ್ನು ಆ ಪ್ರಯೋಗದಿಂದಲೇ ಹೊರಗಿಡಬೇಕು, ಅಥವಾ ಅವರು ಪಾಲು ಮಾರಬೇಕು. ಒಂದೇ ಕೈ ಎರಡು ಬಟ್ಟಲಲ್ಲಿ ಉಣ್ಣುವುದು ಬೇಡ ಎಂದು ಹೇಳಬೇಕಾದವರು ಪ್ರಾಧ್ಯಾಪಕರಲ್ಲ, ಅವರಿಗೆ ಕುರ್ಚಿ ಕೊಟ್ಟ ಸಂಸ್ಥೆ. ಆದರೆ ಪೆನ್ಸಿಲ್ವೇನಿಯಾದಲ್ಲಿ ಆದಂತೆ, ಆ ಸಂಸ್ಥೆಯೇ ಪಾಲುದಾರನಾಗಿದ್ದರೆ ಯಾರು ಹೇಳಬೇಕು?

ಚಿತ್ರದ ದೊಡ್ಡ ಕೊರತೆ ನನಗೆ ಕಂಡದ್ದು ಇಲ್ಲಿ. ಫರ್ಗುಸನ್ ಮುಖಗಳ ಬೆನ್ನು ಹತ್ತುತ್ತಾರೆ. ಮುಖಗಳು ಬೆವರುವುದನ್ನು ನೋಡಿ ನಾವು ತೃಪ್ತರಾಗಿ ಎದ್ದು ಹೋಗುತ್ತೇವೆ. ಹಾರ್ವರ್ಡ್, ಕೊಲಂಬಿಯಾಗಳು ತಮ್ಮ ಅಪಾರ ನಿಧಿಯನ್ನು ಎಲ್ಲಿ ಹೂಡುತ್ತವೆ, ಡೀನ್ ಎಂಬ ಹುದ್ದೆಯ ಅರ್ಧ ಕೆಲಸವೇ ಶ್ರೀಮಂತರಿಂದ ದೇಣಿಗೆ ತರುವುದಾದರೆ ಅಂಥವರು ಶ್ರೀಮಂತರ ಮಂಡಳಿಗಳಲ್ಲಿ ಕೂರುವುದನ್ನು ಯಾರು ತಡೆಯುತ್ತಾರೆ, ಇಂಥ ಪ್ರಶ್ನೆಗಳು ಪರದೆಯ ಅಂಚಿನಲ್ಲಿ ಸುಳಿದು ಮಾಯವಾಗುತ್ತವೆ. ಮುಖಗಳ ವಿಷಯದಲ್ಲೂ ಚಿತ್ರ ಯಾವಾಗಲೂ ನ್ಯಾಯವಾಗಿ ನಡೆದುಕೊಂಡಿಲ್ಲ. ಅಮೆರಿಕದ ರಿಸರ್ವ್ ಬ್ಯಾಂಕಿನ ಆಡಳಿತ ಮಂಡಳಿಯಲ್ಲಿದ್ದ ಮಿಶ್ಕಿನ್ 2008ರ ಆಗಸ್ಟಿನಲ್ಲಿ, ಬಿಕ್ಕಟ್ಟಿನ ನಡುವೆ, ಏಕೆ ಬಿಟ್ಟುಹೋದಿರಿ ಎಂಬ ಪ್ರಶ್ನೆಗೆ ಪಠ್ಯಪುಸ್ತಕ ಪರಿಷ್ಕರಿಸಬೇಕಿತ್ತು ಎನ್ನುತ್ತಾರೆ. ಊರು ಹೊತ್ತಿ ಉರಿಯುವಾಗ ಪುಸ್ತಕ ತಿದ್ದಲು ಹೋದ ಮನುಷ್ಯ ಎಂದು ಮತ್ತೊಮ್ಮೆ ನಗು. ಆದರೆ ಅವರು ರಾಜೀನಾಮೆ ಪ್ರಕಟಿಸಿದ್ದು ಆ ವರ್ಷದ ಮೇ ತಿಂಗಳಲ್ಲಿ, ಲೇಮನ್ ಬ್ರದರ್ಸ್ ಮುಳುಗುವುದಕ್ಕೆ ಮೂರೂವರೆ ತಿಂಗಳ ಮುಂಚೆ. ಈ ದಿನಾಂಕವನ್ನು ಚಿತ್ರ ಹೇಳುವುದಿಲ್ಲ. ಪ್ರಾಧ್ಯಾಪಕರು ಮುಚ್ಚಿಟ್ಟರು ಎಂದು ದೂರುವ ಚಿತ್ರ ತಾನೂ ಒಂದನ್ನು ಮುಚ್ಚಿಡುವುದು ಚೆಂದವಲ್ಲ.

ಹಾಗೆಯೇ ಚಿತ್ರದಲ್ಲಿ ಒಬ್ಬ ಒಳ್ಳೆಯ ಪ್ರಾಧ್ಯಾಪಕರೂ ಇದ್ದಾರೆ: ಮುಂದೆ ನಮ್ಮ ರಿಸರ್ವ್ ಬ್ಯಾಂಕಿನ ಗವರ್ನರ್ ಆದ ರಘುರಾಮ್ ರಾಜನ್. 2005ರಲ್ಲಿ ಜಾಕ್ಸನ್ ಹೋಲ್ ಎಂಬಲ್ಲಿ ನಡೆದ ಬ್ಯಾಂಕರುಗಳ ಸಮ್ಮೇಳನದಲ್ಲಿ, ಈ ಹೊಸ ಹಣಕಾಸು ಜಗತ್ತು ಅಪಾಯವನ್ನು ಹೆಚ್ಚಿಸುತ್ತಿದೆ, ಸಂಬಳ-ಬೋನಸ್ಸಿನ ಏರ್ಪಾಡೇ ಅದಕ್ಕೆ ಕಾರಣ ಎಂದು ಅವರು ಹೇಳಿದ್ದರು. ಅಂದು ಎದ್ದುನಿಂತು ಅವರನ್ನು ಹಳೆಯ ಕಾಲದವರೆಂದು ಹೀಗಳೆದವರು ಹಾರ್ವರ್ಡಿನ ಲ್ಯಾರಿ ಸಮ್ಮರ್ಸ್. ಮುಂದೆ 2009ರಲ್ಲಿ ಸರಕಾರಿ ಹುದ್ದೆ ಹಿಡಿದಾಗ ಅವರು ಸಲ್ಲಿಸಿದ ವಿವರದಲ್ಲಿ, ಹಿಂದಿನ ವರ್ಷ ಡಿ.ಇ. ಶಾ ಎಂಬ ಹೆಜ್ ಫಂಡಿನಿಂದಲೇ ಸುಮಾರು 52 ಲಕ್ಷ ಡಾಲರ್ ಬಂದಿತ್ತು. ಚಿತ್ರ ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ ರಾಜನ್ ಅವರ ಎದೆಗಾರಿಕೆಯನ್ನು ಮೆಚ್ಚುತ್ತದೆ. ಎದೆಗಾರಿಕೆ ಇದ್ದದ್ದು ನಿಜ. ಅಂದು ರಾಜನ್ ಐಎಂಎಫ್‌ನ ಮುಖ್ಯ ಅರ್ಥಶಾಸ್ತ್ರಜ್ಞರಾಗಿದ್ದರು, ಅವರ ಸಂಬಳ ಆ ಸಭಾಂಗಣದಲ್ಲಿ ಕುಳಿತವರ ಬ್ಯಾಂಕುಗಳಿಂದ ಬರುತ್ತಿರಲಿಲ್ಲ ಎಂಬುದನ್ನೂ ಸೇರಿಸಿ ಹೇಳಬೇಕು.

ಅಮೆರಿಕದ ಕೋಟ್ಯಧೀಶ ಪ್ರಾಧ್ಯಾಪಕರಿಗೂ ನಮ್ಮೂರಿನ ಕಾಲೇಜುಗಳಿಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಮೊತ್ತದಲ್ಲಿ ಸಂಬಂಧವಿಲ್ಲ. ಆದರೆ ನಿಯಮ ಬರೆಯುವ ರೀತಿಯಲ್ಲಿ ಇದೆ. ನಮ್ಮ ಯುಜಿಸಿಯ 2010ರ ಮತ್ತು 2018ರ ನಿಯಮಾವಳಿಗಳೆರಡರಲ್ಲೂ ಅಧ್ಯಾಪಕರ ವೃತ್ತಿನೀತಿಯ ಒಂದು ಭಾಗವಿದೆ. ಖಾಸಗಿ ಟ್ಯೂಷನ್, ಕೋಚಿಂಗ್ ಕ್ಲಾಸು ಸೇರಿದಂತೆ ವೃತ್ತಿಯ ಹೊಣೆಗೆ ಅಡ್ಡಿಯಾಗುವಂಥ ಬೇರೆ ಉದ್ಯೋಗದಿಂದ ದೂರವಿರಬೇಕು ಎಂದು ಅದು ಹೇಳುತ್ತದೆ. ಓದಿದಾಗ ಸರಿಯಾಗಿಯೇ ಕಾಣುತ್ತದೆ. ಆದರೆ 'ಅಡ್ಡಿ' ಎಂದರೆ ನಮಗೆ ತಟ್ಟನೆ ಹೊಳೆಯುವುದು ಹೊತ್ತು. ಸಂಜೆ ಟ್ಯೂಷನ್ ಮಾಡುವ ಮೇಷ್ಟ್ರು ಬೆಳಗ್ಗೆ ತರಗತಿಗೆ ತಡವಾಗಿ ಬಂದರೆ ಪ್ರಿನ್ಸಿಪಾಲರು ಕರೆದು ಗದರಿಸಬಹುದು. ಅಮೆರಿಕದ ವಿಶ್ವವಿದ್ಯಾನಿಲಯಗಳಲ್ಲೂ ವಾರಕ್ಕೊಂದು ದಿನ ಹೊರಗಿನ ಕೆಲಸ ಮಾಡಬಹುದು ಎಂಬ ಲೆಕ್ಕವೇ ಸಾಮಾನ್ಯವಾಗಿ ನಡೆಯುತ್ತದೆ. ಫೆಲ್ಡ್‌ಸ್ಟೈನ್ ಒಂದೇ ಒಂದು ತರಗತಿ ತಪ್ಪಿಸದೆ ಎಐಜಿ ಮಂಡಳಿಯಲ್ಲಿ ಇದ್ದಿರಬಹುದು. ಹಾಜರಿ ಪುಸ್ತಕ ಶುದ್ಧ. ಪಠ್ಯಕ್ರಮ ಸಮಿತಿಯಲ್ಲಿ ಕುಳಿತ ಅಧ್ಯಾಪಕರೇ ಆ ಪಠ್ಯಕ್ಕೆ ಗೈಡ್ ಬರೆದರೆ, ಪ್ರಶ್ನೆಪತ್ರಿಕೆ ತೆಗೆಯುವವರೇ ಕೋಚಿಂಗ್ ಕೇಂದ್ರದಲ್ಲಿ 'ಬರಬಹುದಾದ ಪ್ರಶ್ನೆಗಳ' ಪಟ್ಟಿ ಕೊಟ್ಟರೆ, ಅಲ್ಲೂ ಹೊತ್ತಿನ ಲೆಕ್ಕದಲ್ಲಿ ಏನೂ ತಪ್ಪು ಸಿಗುವುದಿಲ್ಲ.

ನಂಬಿಕೆಯ ತೂಕ ಮಾರಾಟವಾದಾಗ ಏನಾಗುತ್ತದೆ ಎಂಬುದನ್ನು ನಾವು ಬೇರೆ ರೂಪದಲ್ಲಿ, ತೀರ ಹತ್ತಿರದಿಂದ ಕಂಡಿದ್ದೇವೆ. 2019ರ ಜೂನಿನಲ್ಲಿ ಬೆಂಗಳೂರಿನ ಐಎಂಎ ಕಂಪೆನಿ ಕುಸಿದಾಗ ಶಿವಾಜಿನಗರದಲ್ಲಿ ದೂರು ಕೊಡಲು ಸಾಲುಗಟ್ಟಿ ನಿಂತವರಲ್ಲಿ ಹೊಲಿಗೆ ಕೆಲಸದ ಹೆಂಗಸರಿದ್ದರು, ಮಗಳ ಮದುವೆಗೆ ಕೂಡಿಟ್ಟ ತಂದೆಯರಿದ್ದರು. ಅದು ಪ್ರಾಧ್ಯಾಪಕರ ಕತೆಯಲ್ಲ. ಆದರೆ ಅವರಲ್ಲಿ ಎಷ್ಟೋ ಮಂದಿ ಹೇಳಿದ ಮಾತು ಒಂದೇ: ನಮಗೆ ಲೆಕ್ಕ ಗೊತ್ತಿಲ್ಲ, ಗೊತ್ತಿರುವ ದೊಡ್ಡವರು ಸರಿ ಎಂದರು, ಅದಕ್ಕೇ ಹಾಕಿದೆವು. ಸರಿ ಎಂದ ದೊಡ್ಡವರಿಗೂ ಆ ಕಂಪೆನಿಗೂ ಏನಾದರೂ ಕೊಡುಕೊಳ್ಳುವಿಕೆ ಇತ್ತೇ ಎಂದು ಕೇಳುವ ರೂಢಿ ನಮ್ಮಲ್ಲಿಲ್ಲ. ಕೇಳಿದರೆ ಅವಿಧೇಯತೆ ಎನಿಸುತ್ತದೆ. ಫರ್ಗುಸನ್ ಮಾಡಿದ ದೊಡ್ಡ ಕೆಲಸವೆಂದರೆ ಆ ಅವಿಧೇಯ ಪ್ರಶ್ನೆಯನ್ನು ವಿದ್ವಾಂಸರ ಮುಖದ ಮೇಲೆ, ದನಿ ಎತ್ತರಿಸದೆ, ಕೇಳಿದ್ದು. ನನ್ನ ಎಲ್ಲ ತಕರಾರುಗಳ ಮೇಲೂ ಈ ಚಿತ್ರವನ್ನು ನಮ್ಮ ಕಾಲೇಜುಗಳಲ್ಲಿ ತೋರಿಸಬೇಕೆಂದು ಹೇಳುವುದು ಇದಕ್ಕಾಗಿಯೇ. ಅಧ್ಯಾಪಕರೂ ಜೊತೆಗೆ ಕುಳಿತು ನೋಡಿದರೆ ಇನ್ನೂ ಒಳ್ಳೆಯದು.

ನಾನು ತಂಗಿಯ ಮಗಳ ಜೊತೆಗೇ ಕುಳಿತು ಇನ್ನೊಮ್ಮೆ ನೋಡಿದೆ. ಮುದ್ರಣ ದೋಷದ ಮಾತಿಗೆ ಅವಳೂ ನಕ್ಕಳು. ಆಮೇಲೆ ಎದ್ದುಹೋಗಿ ಆ ದಪ್ಪ ಪುಸ್ತಕ ತಂದು ಒಂದು ಪುಟ ತೆಗೆದು ತೋರಿಸಿದಳು. ಹಣಕಾಸು ಸಂಸ್ಥೆಗಳಲ್ಲಿ ಹಿತಾಸಕ್ತಿ ಸಂಘರ್ಷ ಹೇಗೆ ಹುಟ್ಟುತ್ತದೆ, ಅದು ಹೇಗೆ ಮಾಹಿತಿಯ ಗುಣವನ್ನೇ ಕೆಡಿಸುತ್ತದೆ ಎಂದು ವಿವರಿಸುವ ಭಾಗ. ಸ್ಪಷ್ಟವಾಗಿ, ಚೆನ್ನಾಗಿಯೇ ಬರೆದಿದ್ದಾರೆ. ಪರೀಕ್ಷೆಗೆ ಬರುತ್ತದೆಂದು ಅವಳು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಳು.

"ಮಾಮಾ, ಇವರು ಐಸ್‌ಲ್ಯಾಂಡಿಗೆ ಹೋಗಿ ಬಂದ ಮೇಲೆ ಇದನ್ನೆಲ್ಲ ತಿಳಿದುಕೊಂಡರಾ, ಮೊದಲೇ ಗೊತ್ತಿತ್ತಾ?" ಎಂದು ಕೇಳಿದಳು.

ಹಣಕಾಸು ಕ್ಷೇತ್ರದ ಹಿತಾಸಕ್ತಿ ಸಂಘರ್ಷಗಳ ಬಗ್ಗೆಯೇ ಮಿಶ್ಕಿನ್ ಇನ್ನೂ ಮೂವರ ಜೊತೆ ಸೇರಿ ಒಂದು ವರದಿ ಬರೆದಿದ್ದಾರೆ. ಲೆಕ್ಕಪರಿಶೋಧಕರು, ರೇಟಿಂಗ್ ಸಂಸ್ಥೆಗಳು, ಹೂಡಿಕೆ ಬ್ಯಾಂಕಿನ ವಿಶ್ಲೇಷಕರು ಹೇಗೆ ದಾರಿ ತಪ್ಪುತ್ತಾರೆ, ಅದಕ್ಕೇನು ಮಾಡಬೇಕು ಎಂಬುದು ಅದರ ವಿಷಯ. ಜಿನೀವಾ ವರದಿಗಳ ಮಾಲೆಯಲ್ಲಿ ಅದು ಬಂದದ್ದು 2003ರಲ್ಲಿ. ಅಷ್ಟು ಹೇಳಿದೆ. ಅವಳು ಪುಟದ ಅಂಚಿನಲ್ಲಿ, ತಾನೆಳೆದ ಗೆರೆಯ ಪಕ್ಕದಲ್ಲಿ, 2003 ಎಂದೂ ಅದರ ಕೆಳಗೆ 2006 ಎಂದೂ ಬರೆದುಕೊಂಡಳು.